ಹಸಿರು ಕೂಲೆಂಟು

"ಬ್ರೇಕ್ ಬುಡ್ರೋ ಮೊದ್ಲು! ಬ್ರೇಕ್ ಹಾಕ್ಕಂಡು ತಳ್ಳುದ್ರೆ ಎಲ್ಲಿಗ್ ಹೋದಾತ್ಲಾ ಅದು?" ಎಂದು ಕೃಷ್ಣಪ್ಪ ಕೂಗಿದ.

ಕೆಂಪು ಕಾರು ಅಂಗಳಕ್ಕೆ ಅಡ್ಡವಾಗಿ ನಿಂತಿತ್ತು. ನಿನ್ನೆ ಹೆದ್ದಾರಿಯಿಂದ ಹಗ್ಗ ಕಟ್ಟಿ ಎಳೆತಂದವರು ಎಲ್ಲಿ ಬಿಟ್ಟಿದ್ದರೋ ಅಲ್ಲೇ ಇತ್ತು. ಅದು ಸರಿಯದೆ ಚಟ್ಟ ಹೊರಗೆ ಬರುವಂತಿರಲಿಲ್ಲ. ಸತ್ತವನು ಕೃಷ್ಣಪ್ಪನ ಅಣ್ಣ ಅನಂತರಾಜು. ದಾರಿಗೆ ಅಡ್ಡ ನಿಂತ ಕಾರೂ ಅವನದೇ. ಆರೇಳು ಮಂದಿ ಕೈ ಹಾಕಿದರು. ರಾಮನಗರದಲ್ಲಿ ಗಾಡಿಗಳ ಬಿಡಿಭಾಗದ ಅಂಗಡಿ ಇಟ್ಟಿದ್ದ ರುದ್ರಪ್ರಸಾದ, ತಂದಿದ್ದ ಹಾರವನ್ನು ಕಂಕುಳಲ್ಲಿ ಇರುಕಿಕೊಂಡು ತಾನೂ ಒಂದು ಕೈ ಕೊಟ್ಟ. ಮೂವತ್ತು ವರ್ಷ ಗಾಡಿಗಳಿಂದಲೇ ಅನ್ನ ತಿಂದರೂ ಒಂದು ಗಾಡಿಯನ್ನಾದರೂ ತಳ್ಳಿದ ಗಂಡಲ್ಲ ಅವನು.

ಕಾರು ನರಳುತ್ತಾ ಹುಣಿಸೆ ಮರದ ಕಡೆ ಸರಿಯಿತು. ಅದು ನಿಂತಿದ್ದ ಜಾಗದಲ್ಲಿ ಕೆಟ್ಟ ಅಂಬಲಿಯಂಥ ಕಂದು ಲೋಳೆ ಬಿದ್ದಿತ್ತು. ಅಂಚಿನಲ್ಲಿ ಒಂದಿಷ್ಟು ಹಸಿರು. ರುದ್ರಪ್ರಸಾದ ಅದನ್ನು ನೋಡಿ ಚಪ್ಪಲಿಯಿಂದ ಒಂದಿಷ್ಟು ಮಣ್ಣು ಎಳೆದು ಮುಚ್ಚಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇನ್ನೂ ಯಾರೂ ಕಳ್ಳ ಎಂದಿರಲಿಲ್ಲ, ಇವನ ಕೈ ಆಗಲೇ ಹೆಗಲಿಗೆ ಹೋಗಿತ್ತು.

ಜಗಲಿಯ ಮೇಲೆ ಹೆಣದ ತಲೆದೆಸೆಯಲ್ಲಿ ಹೆಂಡತಿ ಮುನಿಯಮ್ಮ ಕೂತಿದ್ದಳು. ಬಂದವರಿಗೆಲ್ಲ ಅದೇ ಮಾತು.

"ಎಲ್ಡೇ ಸೀಟು ಕಣಕ್ಕಾ," ಎಂದಳು ಪಕ್ಕದ ಮನೆಯ ಕಾವೇರಮ್ಮನಿಗೆ. "ಎದೆ ನೋವು ಅಂತ ಒದ್ದಾಡ್ತಾ ಆಸ್ಪತ್ರೆಗೆ ಆ ಕಾರಲ್ಲೇ ಹೋಗಾನ ಅಂದ್ರು. ಮಗ ಓಡಿಸ್ದ. ಪಕ್ಕದಲ್ ಇವ್ರು ಕೂತ್ರು. ನಾನೆಲ್ ಕೂರ್ಲಿ? ಬಾಗ್ಲಲ್ಲೇ ನಿಂತ್ಕಬುಟ್ಟೆ. ಬಾಯಿಗೊಂದ್ ತೊಟ್ಟು ನೀರ್ ಬುಡಾಕೂ ನಾನಿರ್ಲಿಲ್ಲ."

ಮಗ ಮನೋಹರ್ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಕಾವೇರಮ್ಮ ಅವನನ್ನು ಕೇಳಿದಳು, "ದಾರೀಲಿ ಏನಾಯ್ತಪ್ಪಾ?"

"ಏರು ಹತ್ತೋವಾಗ ಬಿಸಿ ತೋರ್ಸೋ ಮುಳ್ಳು ಮ್ಯಾಕೆ ಹೋಗ್ಬುಡ್ತು ಅತ್ತೆ. ಮುಂದ್ಗಡೆಯಿಂದ ಹೊಗೆ. ಅಪ್ಪ ಎದೆ ಹಿಡ್ಕಂಡೇ ಅಂತಾರೆ, ನಿಲ್ಸ್ಲಾ, ಇಂಜಿನ್ ಸುಟ್ಟೋಯ್ತದೆ, ಒಸಿ ತಣ್ಣಗಾಗ್ಲಿ ಅಂತ. ನಿಲ್ಸಿದ್ ಗಾಡಿ ಆಮೇಲೆ ಸ್ಟಾರ್ಟೇ ಆಗ್ಲಿಲ್ಲ. ಎಷ್ಟು ಕೈ ಅಡ್ಡ ಹಿಡುದ್ರೂ ಯಾವನೂ ನಿಲ್ಸಲಿಲ್ಲ. ಕೊನೇಗೊಂದು ತರಕಾರಿ ಆಟೋ ನಿಲ್ತು. ಅಷ್ಟೊತ್ಗೆ..."

ರುದ್ರಪ್ರಸಾದ ಹಾರ ಹಾಕಿ, ಕೈ ಮುಗಿದು, ಸತ್ತವನ ಮುಖ ನೋಡದೆ ಹಿಂದೆ ಬಂದ.

*

ಬಿಡದಿಯ ಕಡೆ ಕಾರ್ಖಾನೆಗಳ ಕಾಂಪೌಂಡು ಏಳುತ್ತಿದ್ದ ಕಾಲದಲ್ಲಿ ಅಣ್ಣತಮ್ಮಂದಿರ ಹೊಲ, ಹಿಪ್ಪುನೇರಳೆ ತೋಟ ಎಲ್ಲವೂ ಹೋಯಿತು. ಕೃಷ್ಣಪ್ಪ ಜಾಣ. ಬಂದ ಪರಿಹಾರದಲ್ಲಿ ಸಾಲುಮನೆ ಕಟ್ಟಿ ಕಾರ್ಖಾನೆಯ ಹುಡುಗರಿಗೆ ಬಾಡಿಗೆಗೆ ಬಿಟ್ಟ, ಹೆದ್ದಾರಿಯ ಬದಿಗೆ ಶೆಡ್ಡು ಹಾಕಿದ. ಅನಂತರಾಜು ಅದೇ ಕಾರ್ಖಾನೆಗೆ ಮಾಲಿಯಾಗಿ ಸೇರಿದ. ತನ್ನ ತೋಟವಿದ್ದ ಜಾಗದಲ್ಲೇ ಖಾಕಿ ತೊಟ್ಟು ಹುಲ್ಲಿಗೆ ನೀರು ಬಿಡುವ ಕೆಲಸ. "ಆಗ ಸೊಪ್ಪು ರೇಷ್ಮೆ ಹುಳದ ಹೊಟ್ಟೆಗಾದ್ರೂ ಹೋಗ್ತಿತ್ತು. ಈ ಹುಲ್ಲ ದನಾನೂ ತಿನ್ನಂಗಿಲ್ಲ," ಎನ್ನುತ್ತಿದ್ದ.

ಮಾಗಡಿ ರಸ್ತೆಯ ಫಾರ್ಮ್‌ಹೌಸೊಂದರಲ್ಲಿ ರಜೆಯ ದಿನ ಗಿಡ ಕತ್ತರಿಸಲು ಹೋದಾಗ ಅವನ ಕಣ್ಣಿಗೆ ಈ ಕಾರು ಬಿತ್ತು. ಎಂದೋ ಜಪಾನಿನಿಂದ ಬಂದ ಎರಡು ಸೀಟಿನ ಓಟದ ಕಾರು. ಧಣಿಗೆ ಬೇಸರವಾಗಿ ಟಾರ್ಪಾಲಿನ ಕೆಳಗೆ ಬಿಟ್ಟಿದ್ದ. ಪಕ್ಕದಲ್ಲಿ ಎಕ್ಕದ ಗಿಡ ಬೆಳೆದಿತ್ತು. ಅನಂತರಾಜು ಅದನ್ನು ಗುಜರಿ ಬೆಲೆಗೆ ಕೇಳಿ ತಂದ. ಮನೆಗೆ ತಾರಸಿ ಹಾಕಿಸಬೇಕೆಂದಿದ್ದ ಮುನಿಯಮ್ಮ ಎರಡು ದಿನ ಒಲೆ ಹಚ್ಚಲಿಲ್ಲ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದಿತು. ಗುಂಡಿ ಒತ್ತಿದರೆ ಮುಂದಿನ ದೀಪಗಳು ಮೇಲೆದ್ದು ಕಣ್ಣು ಬಿಡುತ್ತಿದ್ದುದರಿಂದ ಮಕ್ಕಳು ಅದಕ್ಕೆ ಕಪ್ಪೆ ಕಾರು ಎಂದು ಹೆಸರಿಟ್ಟರು.

ಕೃಷ್ಣಪ್ಪನ ಹೆದ್ದಾರಿಯ ಶೆಡ್ಡಿನಲ್ಲಿ ಬಾಡಿಗೆಗಿದ್ದ ಮೆಕ್ಯಾನಿಕ್ ಮುಕ್ತಿಯಾರ್ ಒಂದು ಮಳೆಗಾಲವೆಲ್ಲ ಕೂತು ಅದನ್ನು ಓಡುವಂತೆ ಮಾಡಿದ. ಅನಂತರಾಜು ಹೆಂಡತಿಯನ್ನು ಕೂರಿಸಿಕೊಂಡು ಕಬ್ಬಾಳಮ್ಮನ ಗುಡಿಗೆ ಹೋದ. ಎಷ್ಟು ನಿಧಾನವಾಗಿ ಓಡಿಸಿದನೆಂದರೆ ಮೊಪೆಡ್ಡುಗಳು ಹಾರನ್ ಹೊಡೆದುಕೊಂಡು ಮುಂದೆ ಹೋದವು. ಬರುವಾಗ ಅವನು ಹೇಳಿದ ಮಾತನ್ನು ಮುನಿಯಮ್ಮ ಮರೆತಿರಲಿಲ್ಲ. "ಮಿಕ್ಕಿದ್ದೆಲ್ಲ ಯಾರೋ ಕೊಟ್ರು, ಯಾರೋ ಕಿತ್ಕಂಡ್ರು ಕಣೆ. ಇದೊಂದು ನಾನು ಬೇಕು ಅಂತ ತಗಂಡಿದ್ದು."

*

ಹೋದ ಅವರೆಕಾಯಿ ಕಾಲದಲ್ಲಿ ಅವನು ರುದ್ರಪ್ರಸಾದನ ಅಂಗಡಿಗೆ ಬಂದಿದ್ದ.

"ರುದ್ರಣ್ಣ, ಇಂಜಿನ್ ತಣ್ಣಗಿಡೋ ರೇಡಿಯೇಟ್ರಿನ ಕೂಲೆಂಟು ಹಳೇದಾಗೈತಂತೆ. ಬದ್ಲಾಯಿಸ್ಬೇಕು ಅಂತಾವ್ನೆ ಮುಕ್ತಿಯಾರ್. ಇದು ಅಲ್ಯುಮಿನಿಯಂ ಇಂಜಿನ್ನಂತೆ, ಇದಕ್ಕೆ ಅಂತ್ಲೇ ಬರೋ ಕೆಂಪಂದೇ ಆಗ್ಬೇಕಂತೆ. ಬೇರೇದು ಬೆರೆಸುದ್ರೆ ಒಳ್ಗೇ ಲೋಳೆ ಕಟ್ಕತದಂತೆ."

"ಬೆಂಗಳೂರಿಂದ ತರಿಸ್ಬೇಕು. ಆರ್ಡರ್ ಹಾಕ್ತೀನಿ, ಮುಂದಿನ ವಾರ ಬನ್ನಿ," ಎಂದ ರುದ್ರಪ್ರಸಾದ. ಹಾಕಲಿಲ್ಲ. ಕೆಟ್ಟ ಬುದ್ಧಿಯೇನಲ್ಲ, ಮರೆತ. ಮುಂದಿನ ವಾರ ಅನಂತರಾಜು ಒಂದು ಚೀಲ ಅವರೆಕಾಯಿ ತಂದು ಗಲ್ಲಾದ ಪಕ್ಕ ಇಟ್ಟ. ರುದ್ರಪ್ರಸಾದ ಅವರೆಕಾಯಿ ಇಟ್ಟುಕೊಂಡು, ಮಾಲು ದಾರಿಯಲ್ಲಿದೆ ಎಂದ. ಆ ಸಂಜೆಯೂ ಮರೆತ.

ಮತ್ತೊಮ್ಮೆ ಬಂದಾಗ ಅಂಗಡಿಯಲ್ಲಿ ಲಾರಿಯವರು ಮುತ್ತಿಕೊಂಡಿದ್ದರು. ಖಾಕಿ ಅಂಗಿಯ ಮಾಲಿ ಬಾಗಿಲಲ್ಲಿ ನಗುತ್ತಾ ನಿಂತದ್ದನ್ನು ಕಂಡು ರುದ್ರಪ್ರಸಾದನಿಗೆ ರೇಗಿತು. ಹುಲ್ಲಿಗೆ ನೀರು ಬಿಡುವವನಿಗೆ ಓಟದ ಕಾರು ಬೇರೆ, ಅದಕ್ಕೆ ಮಡಿ ಬೇರೆ! ಒಳಗೆ ಹೋಗಿ ಡ್ರಮ್ಮಿನಲ್ಲಿದ್ದ ಹಸಿರು ಕೂಲೆಂಟನ್ನು ಒಂದು ಬಿಳಿ ಕ್ಯಾನಿಗೆ ಸುರಿದು ತಂದು ಕೊಟ್ಟ.

ಅನಂತರಾಜು ಮುಚ್ಚಳ ಬಿಚ್ಚಿ ನೋಡಿದ. "ಹಸ್ರಾಗೈತಲ್ಲ ರುದ್ರಣ್ಣ?"

"ಕಂಪ್ನಿಯವರು ಬಣ್ಣ ಬದಲಾಯಿಸಿದಾರೆ. ಮಾಲು ಅದೇ."

"ನೀವ್ ಹೇಳಿದ್ ಮ್ಯಾಲೆ ಮುಗೀತು ಬುಡಿ."

ಆಗ ಮುಕ್ತಿಯಾರ್ ತಂಗಿ ಮುನವ್ವರಾಳ ಮದುವೆಗೆಂದು ಕನಕಪುರಕ್ಕೆ ಹೋಗಿದ್ದ. ಅವನು ಬರುವವರೆಗೆ ಅನಂತರಾಜುವಿಗೆ ತಾಳ್ಮೆಯಿರಲಿಲ್ಲ. ಹಳೆಯದನ್ನು ಅರ್ಧಂಬರ್ಧ ಬಸಿದು, ಕ್ಯಾನಿನದನ್ನು ತಾನೇ ಸುರಿದು, ಆ ವಾರ ಅಂಗಡಿಯ ಮುಂದೆ ಕಾರು ನಿಲ್ಲಿಸಿ ದೀಪಗಳನ್ನು ಎಬ್ಬಿಸಿ ತೋರಿಸಿ ಹೋದ. ರುದ್ರಪ್ರಸಾದನೂ ನಕ್ಕು ಕೈ ಎತ್ತಿದ್ದ. ಸುಳ್ಳು ಅಷ್ಟು ಸಲೀಸಾಗಿ ಮಾರಾಟವಾಗಿತ್ತು.

*

ಚಟ್ಟಕ್ಕೆ ಕೊನೆಯ ಹಗ್ಗ ಬಿಗಿಯುವ ಹೊತ್ತಿಗೆ ಮುಕ್ತಿಯಾರ್ ಬಂದ. ಒಗೆದ ಬಿಳಿ ಅಂಗಿ ಹಾಕಿದ್ದ. ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತಿದ್ದಂತೆ ಕೃಷ್ಣಪ್ಪ ಅವನ ಎದೆಗೆ ಕೈ ಕೊಟ್ಟು ನಿಲ್ಲಿಸಿದ.

"ಯಾವ್ ಮುಖ ಇಟ್ಕಂಡ್ ಬಂದ್ಲಾ? ಏನ್ಲಾ ಸುರ್ದಿದ್ದೆ ಅದರೊಳಕ್ಕೆ?"

"ನಾನ್ ಸುರೀಲಿಲ್ಲಣ್ಣ. ನಿನ್ನೆ ಮುಚ್ಚಳ ತೆಗ್ದು ನೋಡ್ದೆ. ಯಾವ್ದೋ ಹಸ್ರು ಕೂಲೆಂಟು ಬೆರ್ತು ಲೋಳೆ ಕಟ್ಕಂಡೈತೆ. ಅನಂತಣ್ಣನೇ ಹಾಕಿರ್ಬೇಕು. ನಾ ಊರಲ್ಲಿರ್ಲಿಲ್ಲ."

"ಸತ್ತೋನ್ ಮ್ಯಾಲೆ ಹಾಕ್ತೀಯೇನ್ಲಾ!" ಕೃಷ್ಣಪ್ಪನ ದನಿ ಏರಿತು. "ಇವತ್ತೇ ಶೆಡ್ ಖಾಲಿ ಮಾಡು. ನಿನ್ನಂಥೋನ್ಗೆ ನನ್ ಜಾಗ ಇಲ್ಲ."

ಮುಕ್ತಿಯಾರ್ ಬಣ್ಣಗೆಟ್ಟ. ಆ ಶೆಡ್ಡೇ ಅವನ ಅನ್ನ. "ಎಲ್ಲಿ ತಂದಿದ್ರು ಅಂತ ಒಂದ್ಮಾತು ಕೇಳಿ ಅಣ್ಣ. ಕೊಟ್ಟೋರೇ ಹೇಳ್ಲಿ."

ಮುನಿಯಮ್ಮ ಅತ್ತು ಊದಿದ ಕಣ್ಣು ಎತ್ತಿ ಜನದ ನಡುವೆ ಹುಡುಕಿದಳು. "ರುದ್ರಣ್ಣಾರ ಅಂಗ್ಡೀಲೇ ಅಲ್ವಾ ತರ್ತಿದ್ದಿದ್ದು? ಬ್ಯಾರೆ ಕಡೆ ಹೋದೋರೇ ಅಲ್ಲ. ಅಣ್ಣಾ, ನೀವೇನ್ ಕೊಟ್ಟಿದ್ರಿ?"

ಅಂಗಳದ ಮುಖಗಳೆಲ್ಲ ರುದ್ರಪ್ರಸಾದನ ಕಡೆ ತಿರುಗಿದವು. ಹೇಳಿಬಿಡಬೇಕು ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಜೊತೆಗೇ ಅಂಗಡಿಯ ಬೋರ್ಡು, ಮಗಳು ಕವನಳನ್ನು ನೋಡಲು ಬರಲಿದ್ದ ಗಂಡಿನ ಕಡೆಯವರು, ಕೃಷ್ಣಪ್ಪನ ದಪ್ಪ ಕೈ, ಎಲ್ಲವೂ ಕಣ್ಣ ಮುಂದೆ ಬಂದವು.

"ನಾನು ಕೆಂಪಿನದೇ ಕೊಟ್ಟಿದ್ದು ತಾಯಿ," ಎಂದ. "ಅವರು ಹೇಳಿದ್ದನ್ನೇ ಬೆಂಗಳೂರಿಂದ ತರಿಸಿ ಕೊಟ್ಟೆ. ಆಮೇಲೆ ಗಾಡಿಗೆ ಯಾರು ಏನು ಹಾಕಿದರೋ ನನಗೆ ಹೇಗೆ ಗೊತ್ತಾಗುತ್ತೆ?"

"ಕೇಳುಸ್ತೇನ್ಲಾ?" ಎಂದ ಕೃಷ್ಣಪ್ಪ.

ಮುನಿಯಮ್ಮ ತಲೆಯಾಡಿಸಿದಳು. "ರುದ್ರಣ್ಣ ಯಾವತ್ತೂ ಮೋಸದ ಮಾಲು ಕೊಡಾಕಿಲ್ಲ ಅಂತಿದ್ರು ಇವ್ರು," ಎಂದು ಸೆರಗು ಬಾಯಿಗೆ ತುಂಬಿಕೊಂಡಳು.

ಮುಕ್ತಿಯಾರ್ ಬಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೊರಟ. ಚಟ್ಟ ಎತ್ತಿದರು. ಗುಂಡಿಯ ಬಳಿ ಕೃಷ್ಣಪ್ಪ, "ಪ್ಯಾಟೆಯಿಂದ ಬಂದವ್ರೆ, ನೀವೂ ಒಂದ್ ಹಿಡಿ ಹಾಕಿ," ಎಂದು ರುದ್ರಪ್ರಸಾದನಿಗೆ ಜಾಗ ಬಿಟ್ಟುಕೊಟ್ಟ. ಅವನು ಹಾಕಿದ. ಮಣ್ಣು ಒದ್ದೆಯಾಗಿತ್ತು, ಬೆರಳ ಸಂದಿಯಲ್ಲಿ ಉಳಿಯಿತು.

*

ರುದ್ರಪ್ರಸಾದ ಸ್ನಾನ ಮಾಡಿ, ಸತ್ತವನ ಮನೆಯಲ್ಲಿ ಹಚ್ಚಿಟ್ಟ ದೀಪ ನೋಡಿ ಸ್ಕೂಟರ್ ಹತ್ತಿದಾಗ ಹೊತ್ತು ಇಳಿಯುತ್ತಿತ್ತು. ಹೆದ್ದಾರಿಯ ಅಂಚಿನಲ್ಲಿ ಮುಕ್ತಿಯಾರ್ ಒಬ್ಬನೇ ಶೆಡ್ಡಿನಿಂದ ಸಾಮಾನು ಹೊರಗೆ ಹೊರುತ್ತಿದ್ದ. ಜ್ಯಾಕು, ಟೈರು, ನಟ್ಟು ಬಿಚ್ಚುವ ಪಾನಗಳ ಡಬ್ಬಗಳು ಧೂಳಿನಲ್ಲಿ ಬಿದ್ದಿದ್ದವು. ಅವನು ಕೈ ಅಡ್ಡ ಹಿಡಿದ. ರುದ್ರಪ್ರಸಾದ ನಿಲ್ಲಿಸಲೇಬೇಕಾಯಿತು.

"ಮಣ್ಣಾಯ್ತಾ ಅಣ್ಣ?"

"ಆಯ್ತು."

"ನಾನ್ ಊರಲ್ಲಿದ್ದಿದ್ರೆ ಅದನ್ನ ಹಾಕಾಕೆ ಬುಡ್ತಿರ್ಲಿಲ್ಲ," ಎಂದ ಮುಕ್ತಿಯಾರ್. "ನಂದೂ ತಪ್ಪೈತೆ. ಬಂದ್ ಮ್ಯಾಲಾದ್ರೂ ಒಂದ್ಸಲ ಮುಚ್ಚಳ ತೆಗ್ದು ನೋಡ್ಬೇಕಿತ್ತು. ನೀವ್ ಕೆಂಪಂದೇ ಕೊಟ್ಟಿದ್ರಿ, ಇನ್ಯಾವ ಪಾಪಿ ಹಸ್ರು ಕೊಟ್ನೋ. ಅಣ್ಣ, ಕೃಷ್ಣಪ್ಪಂಗೆ ನೀವೊಂದ್ ಮಾತು ಹೇಳಿ. ನಿಮ್ ಮಾತು ನಂಬ್ತಾರೆ."

"ನೋಡೋಣ," ಎಂದು ರುದ್ರಪ್ರಸಾದ ಕಿಕ್ ಒದ್ದ. ಸ್ಕೂಟರ್ ಏಳಲಿಲ್ಲ. ಮತ್ತೆ ಒದ್ದ, ಮತ್ತೆ ಒದ್ದ. ಬೆವರು ಕಿತ್ತುಕೊಂಡಿತು.

"ತಾಳಿ, ಇಳೀರಿ." ಮುಕ್ತಿಯಾರ್ ಧೂಳಿನ ರಾಶಿಯಲ್ಲಿ ಕೆದಕಿ ಒಂದು ಪಾನ ಹುಡುಕಿದ. ಪ್ಲಗ್ಗು ಬಿಚ್ಚಿ, ಮಸಿಯನ್ನು ಸಾವಿಗೆಂದು ಹಾಕಿಕೊಂಡಿದ್ದ ಬಿಳಿ ಅಂಗಿಯ ಅಂಚಿನಿಂದಲೇ ಒರೆಸಿ, ಊದಿ, ಮತ್ತೆ ಬಿಗಿದ. ಒಂದೇ ಒದೆತಕ್ಕೆ ಸ್ಕೂಟರ್ ಎದ್ದಿತು.

ರುದ್ರಪ್ರಸಾದ ಜೇಬಿಗೆ ಕೈ ಹಾಕಿದ.

"ಬ್ಯಾಡ ಅಣ್ಣ. ಸಾವಿನ್ ದಿನ," ಎಂದ ಮುಕ್ತಿಯಾರ್.

ರಾಮನಗರದ ಕಡೆಗೆ ಹೋಗಲು ರಸ್ತೆ ದಾಟಬೇಕಿತ್ತು. ಪಾಳಿ ಬಿಟ್ಟ ಕಾರ್ಖಾನೆಯ ಬಸ್ಸುಗಳು, ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಮುಕ್ತಿಯಾರ್ ತಾನೇ ರಸ್ತೆಯ ನಡುವಿಗೆ ಇಳಿದು, ಮಸಿಯಾದ ಕೈಯನ್ನು ಎತ್ತಿ ಹಿಡಿದು ಲಾರಿಗಳನ್ನು ತಡೆದ. ರುದ್ರಪ್ರಸಾದ ಆಚೆ ಬದಿ ಸೇರುವವರೆಗೂ ಕೈ ಇಳಿಸಲಿಲ್ಲ.