ದಸ್ತರಖಾನಿನ ಗಂಟು

ಎಳ್ಳಮಾವಾಸ್ಯೆ ಬಂತೆಂದರೆ ಕಲಬುರಗಿ ಬ್ರಹ್ಮಪುರದ ನಬಿಸಾಬರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಅವತ್ತಿನ ಊಟ ಕಮಲಾಪುರದ ನೀಲಗಂಗಮ್ಮನ ಹೊಲದಲ್ಲಿ. ನಬಿಸಾಬರದು ಹೊಲಿಗೆಯ ಅಂಗಡಿ. ನೀಲಗಂಗಮ್ಮನ ಮನೆಯ ಮದುವೆಗಳ ಬಟ್ಟೆಯೆಲ್ಲ ಅವರ ಕೈಯಲ್ಲೇ ಹೊಲಿಸಿದ್ದು. ಹಾಗೆ ಬೆಳೆದ ಬಳಕೆ.

ಹೊಲ ಮುಗಿಯುವಲ್ಲಿ ಹೊಳೆ. ದಂಡೆಯ ಮೇಲೆ ಹುಣಸೆಮರಗಳ ನೆರಳು, ಕೆಳಗೆ ಹುಲ್ಲು. ಕಲಬುರಗಿಯ ಮಂದಿ ಭಾನುವಾರ ಬುತ್ತಿ ಕಟ್ಟಿಕೊಂಡು ಬಂದರೂ ಕೂಡುವ ಜಾಗ ಅದೇ. ನೀಲಗಂಗಮ್ಮ ಯಾರನ್ನೂ ಬರಬೇಡಿ ಎಂದವಳಲ್ಲ. ತಂದದ್ದನ್ನು ತಿರುಗಿ ಒಯ್ಯಿರಿ ಎಂಬುದೊಂದೇ ಅವಳ ಮಾತು. ಆದರೆ ಎಳ್ಳಮಾವಾಸ್ಯೆಯ ದಿನ ಆ ಮಾತನ್ನೂ ಅವಳು ಆಡುವಂತಿರಲಿಲ್ಲ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿದ ದಿನ ಹೊಲಕ್ಕೆ ಬಂದವರ ಮನಸ್ಸು ನೋಯಿಸಬಾರದು.

ಈ ಸಲ ನಬಿಸಾಬರು, ಹೆಂಡತಿ ಜುಬೇದಾ ಮತ್ತು ಮಗಳು ಮೆಹರೀನ್ ಬಸ್ಸಿಗೆ ಬಂದಿರಲಿಲ್ಲ. ಸೇಡಂ ರಸ್ತೆಯ ಬುಶ್ರಾ ಬೇಗಂ ಅವರ ಹೊಸ ಕಾರಿನಲ್ಲಿ ಬಂದಿದ್ದರು. ಕಾರು ನಡೆಸಿದವನು ಬುಶ್ರಾ ಬೇಗಂ ಅವರ ಮಗ ಗುಫ್ರಾನ್. ಅವನಿಗೂ ಮೆಹರೀನಳಿಗೂ ಮದುವೆ ಗೊತ್ತಾಗಿತ್ತು. ಸಂಜೆ ಮನೆಗೆ ಮರಳಿದ ಮೇಲೆ ಬುಶ್ರಾ ಬೇಗಂ ನಿಕಾಹದ ತಾರೀಖು ಹೇಳುವವರಿದ್ದರು.

"ಇವತ್ತೊಂದಿನ ಸುಮ್ಮ ಇರು, ಬೇಟಿ" ಎಂದು ಜುಬೇದಾ ಬೆಳಿಗ್ಗೆಯೇ ಮಗಳಿಗೆ ಹೇಳಿದ್ದಳು.

ಮೆಹರೀನಳಿಗೆ ನಗು ಬಂದಿತ್ತು. ಅವಳು ಹುಟ್ಟಿದಾಗಿನಿಂದ ಸುಮ್ಮನೇ ಇದ್ದವಳು. ಎಂ.ಎ. ತರಗತಿಯಲ್ಲಿ ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಮುಗಿಸಿದವಳು. ಬುಶ್ರಾ ಬೇಗಂ ಮೆಚ್ಚಿದ್ದೂ ಅದನ್ನೇ. ಮೆಹರೀನ್ ಗುಫ್ರಾನನನ್ನು ಒಪ್ಪಿದ್ದಕ್ಕೂ ಇಂಥದೇ ಒಂದು ಕಾರಣವಿತ್ತು: ಫೋನಿನಲ್ಲಿ ಅವಳು ಮಾತು ನಿಲ್ಲಿಸಿದರೆ ಅವನೂ ನಿಲ್ಲಿಸುತ್ತಿದ್ದ. ಆ ಖಾಲಿಯನ್ನು ತುಂಬಲು ಅವಸರ ಮಾಡುತ್ತಿರಲಿಲ್ಲ.

ಊಟ ಸೊಗಸಾಗಿ ನಡೆಯಿತು. ನೀಲಗಂಗಮ್ಮನ ಸಜ್ಜೆರೊಟ್ಟಿ, ಭಜ್ಜಿ, ಕಡುಬು. ಲಿಂಗಾಯತರ ಹೊಲ ಎಂದು ಬುಶ್ರಾ ಬೇಗಂ ಕೂಡ ಮಾಂಸ ಬಿಟ್ಟು ಬಗಾರಾ ಅನ್ನ ಮಾಡಿಸಿಕೊಂಡು ಬಂದಿದ್ದರು. ಹಾಸಲಿಕ್ಕೆ ದಸ್ತರಖಾನ್ ತಂದಿದ್ದರು. ಬಟ್ಟೆಯದಲ್ಲ, ಹೂವಿನ ಚಿತ್ರದ ತೆಳು ಪ್ಲಾಸ್ಟಿಕ್ ಸುರುಳಿ. ಬೇಕಾದಷ್ಟು ಹರಿದು ಹಾಸಿ, ಉಂಡ ಮೇಲೆ ಸುತ್ತಿ ಬಿಸಾಡುವಂಥದು. ಅದರ ಮೇಲೆ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ.

ಊಟವಾದ ಮೇಲೆ ಬುಶ್ರಾ ಬೇಗಂ ಉಳಿದ ಅನ್ನ, ರೊಟ್ಟಿಚೂರು, ತಟ್ಟೆ, ಲೋಟ ಎಲ್ಲವನ್ನೂ ಅದರಲ್ಲೇ ಸುತ್ತಿ ಗಂಟು ಕಟ್ಟಿದರು. ಗಂಟನ್ನು ಮರದ ಬುಡದಲ್ಲಿ ಜೋಪಾನವಾಗಿ ಇಟ್ಟು, "ದೇವರು ಕೊಟ್ಟ ರಿಜಕ್, ಉಣ್ಣೋ ಅನ್ನ. ಕಸದ ಡಬ್ಬಿಗಿ ಹಾಕಬಾರ್ದು, ಗುನಾ ಆಗ್ತದ. ಇಲ್ಲಿದ್ರ ದನಾ-ನಾಯಿ ತಿಂತಾವ" ಎಂದರು.

ನೀಲಗಂಗಮ್ಮ ಗಂಟನ್ನು ನೋಡಿದಳು. ತುಟಿ ಅಲುಗಿತು. ಮಾತು ಹೊರಡಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಬೇರೆ ಕಡೆ ತಿರುಗಿದಳು.

ಆ ಮೌನ ಮೆಹರೀನಳಿಗೆ ಗೊತ್ತಿತ್ತು. ಹೋದ ವರ್ಷ ಇದೇ ಹಬ್ಬದ ಮರುದಿನ, ಯಾರೋ ಬಿಟ್ಟುಹೋದ ಇಂಥದೇ ಗಂಟನ್ನು ಅನ್ನದ ವಾಸನೆಗೆ ನೀಲಗಂಗಮ್ಮನ ಎಮ್ಮೆ ಪೂರಾ ನುಂಗಿತ್ತು. ಹೊಟ್ಟೆ ಉಬ್ಬಿ, ನರಳಿ ನರಳಿ ಸತ್ತಿತ್ತು. ಸುದ್ದಿ ಕೇಳಿ ಅಪ್ಪನ ಜೊತೆ ಬಂದಿದ್ದ ಮೆಹರೀನ್, ಕೊಟ್ಟಿಗೆಯ ಮುಂದೆ ನೀಲಗಂಗಮ್ಮ ಹೀಗೆಯೇ ಬಾಯಿ ಬಿಗಿದು ಕೂತದ್ದನ್ನು ಕಂಡಿದ್ದಳು.

ಅವಳು ಎದ್ದಳು. ಮರದ ಬುಡಕ್ಕೆ ಹೋಗಿ ಗಂಟು ಬಿಚ್ಚಿದಳು.

"ಏನ್ ಮಾಡ್ಲಾಕತ್ತಿ ಬೇಟಿ?" ಎಂದರು ಬುಶ್ರಾ ಬೇಗಂ.

ಮೆಹರೀನ್ ಅನ್ನ, ರೊಟ್ಟಿಗಳನ್ನು ಎರಡೂ ಕೈಯಲ್ಲಿ ಬಾಚಿ ಹುಲ್ಲಿನ ಮೇಲೆ ಹಾಕಿದಳು. ತಟ್ಟೆಗಳನ್ನು ಒಂದರೊಳಗೊಂದು ಕೂಡಿಸಿದಳು. ಕೈ ಮೊಣಕೈವರೆಗೆ ಎಣ್ಣೆಯಾಯಿತು.

"ರಿಜಕ್ ಇಲ್ಲಿ ಇರ್ಲಿ ಖಾಲಾ, ದನಾ ತಿಂತಾವ. ಪ್ಲಾಸ್ಟಿಕ್ ನಾವು ಒಯ್ಯೋಣ. ಎಮ್ಮಿಗಿ ಗಂಟು ಬಿಚ್ಚಲಾಕ ಬರಲ್ಲ."

ಬುಶ್ರಾ ಬೇಗಂ ಅವರ ಮುಖ ಕೆಂಪಾಯಿತು. "ನಬಿಸಾಬ್, ಎಂ.ಎ. ಓದಿಸಿ ಕಸಾ ಆರಿಸೋದು ಕಲಿಸೀರೇನ್ರಿ?"

ನಬಿಸಾಬರು ಟೋಪಿ ಸರಿಮಾಡಿಕೊಂಡರು. "ಎಂ.ಎ.ದಾಗ ಕಲ್ತಿಲ್ರಿ. ಚಿಂದಿ ಎತ್ತೋದು ನಮ್ಮ ಅಂಗಡ್ಯಾಗೇ ಕಲ್ತಾಳ."

ನೀಲಗಂಗಮ್ಮ ಒಂದು ಖಾಲಿ ಗೋಣಿಚೀಲ ತಂದು ಮೆಹರೀನಳ ಮುಂದೆ ಬಾಯಿ ಅಗಲಿಸಿ ಹಿಡಿದಳು. ದಸ್ತರಖಾನ್ ಮಡಚಿ ಒಳಗೆ ಹೋಯಿತು. ತಟ್ಟೆ, ಲೋಟ, ಚಮಚ ಹಿಂದೆಯೇ ಹೋದವು.

"ಆ ನಾತದ ಚೀಲ ನನ್ನ ಕಾರಿನ್ಯಾಗ ಬರಂಗಿಲ್ಲ" ಎಂದರು ಬುಶ್ರಾ ಬೇಗಂ. "ಚೀಲ ಬಿಟ್ಟು ಬಾ. ಇಲ್ಲಂದ್ರ ತಾರೀಖಿನ ಮಾತು ಇವತ್ತು ಇಲ್ಲ. ಮುಂದಿಂದು ನಾ ಹೇಳಂಗಿಲ್ಲ."

ಮೆಹರೀನ್ ಗುಫ್ರಾನನ ಕಡೆ ನೋಡಿದಳು. ಅವನು ಕಾರಿನ ಕೀಲಿಕೈ ತಿರುಗಿಸುತ್ತ ಹೊಳೆ ನೋಡುತ್ತಿದ್ದ. ಅವನೂ ಸುಮ್ಮನಿದ್ದ. ಅವನ ಈ ಸುಮ್ಮನಿರುವಿಕೆ ಅವಳಿಗೆ ಹಿಡಿಸಲಿಲ್ಲ.

"ಬೇಟಿ..." ಜುಬೇದಾ ಮಗಳ ತೋಳು ಹಿಡಿದಳು.

"ತಾರೀಖು ಮುಂದಕ್ಕ ಹೋಗ್ಲಿ ಅಮ್ಮೀ. ಇದು ಮಾತ್ರ ಇಲ್ಲಿ ಉಳಿಯಂಗಿಲ್ಲ. ನಾ ಬಸ್ಸಿಗಿ ಬರ್ತೀನಿ."

ಚೀಲ ಹೆಗಲಿಗೇರಿಸಿ, ಜೋಳದ ಹೊಲದ ಬದುವಿನ ಮೇಲೆ ರಸ್ತೆಯ ಕಡೆ ನಡೆದಳು. ಹಿಂದೆ ನೀಲಗಂಗಮ್ಮನ ದನಿ ಕೇಳಿತು: "ಹುಷಾರ್ ಹೋಗವ್ವಾ!" ಅವತ್ತು ಊಟಕ್ಕೆ ಕರೆದದ್ದು ಬಿಟ್ಟರೆ ಅವಳು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ರಸ್ತೆಯ ಬದಿಯಲ್ಲಿ ನಿಂತು ಮೆಹರೀನ್ ಬಸ್ಸಿನ ದಾರಿ ನೋಡಿದಳು. ಚೀಲ ಕೆಳಗಿಡಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಓಡುವ ಸಪ್ಪಳ. ಗುಫ್ರಾನ್ ಏದುಸಿರು ಬಿಡುತ್ತ ಬಂದ.

"ಕೊಡು. ಅಮ್ಮೀ ಇನ್ನೂ ಅಲ್ಲೇ ಚಾ ಕುಡಿಲಾಕತ್ತಾರ. ಹಿಂದ ಡಿಕ್ಕಿಯೊಳಗ ಮುಚ್ಚಿ ಇಡ್ತೀನಿ. ಅವರಿಗಿ ಗೊತ್ತೇ ಆಗಲ್ಲ."

"ಗೊತ್ತಾಗ್ಬೇಕು" ಎಂದಳು ಮೆಹರೀನ್. "ಅವರ ಕಣ್ಣ ಮುಂದ ಹೊತ್ತು ಇಡ್ತೀಯೇನು? ಹಂಗಿದ್ರ ತಗೋ."

ಅವನ ಕೈ ಚಾಚಿದಂತೆಯೇ ಇತ್ತು. ಚೀಲದವರೆಗೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅವಳು ಕಾದಳು. ಕಲಬುರಗಿಯ ಕೆಂಪು ಬಸ್ಸು ಬಂದು ಎದುರಿಗೆ ನಿಲ್ಲುವವರೆಗೂ ಕಾದಳು. ಆಮೇಲೆ ಹತ್ತಿದಳು.

"ಏನ್ರಿ ಅದು? ಬಾಳೆಹಣ್ಣೇನು?" ಎಂದು ಕಂಡಕ್ಟರ್ ಮೂಗು ಹಿಂಡಿದ.

"ಕಸಾ."

"ಕಸಕ್ಕೂ ಸೀಟ್ ಬೇಕೇನ್ರಿ ನಿಮಗ?"

"ನನಗ ಬೇಕು. ಇದನ್ನ ತೊಡಿ ಮ್ಯಾಲ ಇಟ್ಕೋತೀನಿ."

ಯಾರೋ ನಕ್ಕರು. ಕಿಟಕಿಯ ಪಕ್ಕ ಕೂತ ಹೆಂಗಸು ಸೀರೆ ಎಳೆದುಕೊಂಡು, ಬೈದುಕೊಳ್ಳುತ್ತಲೇ ಒತ್ತಿ ಕೂತು ಜಾಗ ಬಿಟ್ಟಳು. ಮೆಹರೀನ್ ಬೆನ್ನು ನೆಟ್ಟಗೆ ಮಾಡಿ ಕೂತಳು. ಗೋಣಿಯಿಂದ ಎಣ್ಣೆ ಜಿನುಗಿ, ಹೊಸ ಬೀಗರಿಗೆಂದು ತೊಟ್ಟ ತಿಳಿಹಸಿರು ಚೂಡಿದಾರಕ್ಕೆ ಇಳಿಯುತ್ತಿತ್ತು. ಅವಳು ಒರೆಸಲಿಕ್ಕೆ ಹೋಗಲಿಲ್ಲ.