ಸೊನ್ನೆ ಲೀಟರಿನ ಹಸು

ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ. ಹಸುಗಳಿಗೆ ಇದೇನೂ ಗೊತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಎರಡೂ ಕೂಗುತ್ತಿದ್ದವು. ಎದ್ದು ಹುಲ್ಲು ಹಾಕಿದೆ. ಒಂದು ನಮ್ಮದು, ಹಾಲು ಕೊಡುತ್ತದೆ. ಇನ್ನೊಂದು ಪಕ್ಕದ ಮನೆ ದೊಡ್ಡಮ್ಮನ ಮುದಿ ಹಸು. ಹೊಲಕ್ಕೆ ಗೊಬ್ಬರ ಸಾಲದೆಂದು, ಸಗಣಿಗಾಗಿ ಗಂಡ ಇಸ್ಕೊಂಡು ಬಂದಿದ್ದ. ಹಾಲು ಕೊಡುವ ಹಸುವನ್ನು ಯಾರೂ ಎರವಲು ಕೊಡುವುದಿಲ್ಲ.

ಹಾಲು ಕರೆದು ಏಳುವಷ್ಟರಲ್ಲಿ ಅಂಗಳಕ್ಕೆ ಒಂದು ಜೀಪು, ಹಿಂದೆಯೇ ಒಂದು ಲಾರಿ ಬಂದು ನಿಂತವು. ಎರಡರ ಇಂಜಿನ್ನೂ ಆರಲಿಲ್ಲ. ಇಳಿದವರು ಗಾಳಿ ಸಾಹೇಬರು. ಸಣ್ಣ ರೈತರ ಹಸುಗಳು ತೇಗಿ ಬಿಡುವ ಅನಿಲದಿಂದ ಭೂಮಿ ಬಿಸಿಯಾಗುತ್ತಿದೆಯಂತೆ. ಅದನ್ನು ತಗ್ಗಿಸುವ ಯೋಜನೆಗೆ ಇವರು ಅಧಿಕಾರಿ. ಗಾಳಿ ಸಾಹೇಬರು ಎಂದು ಹೆಸರಿಟ್ಟಿದ್ದು ಊರಿನವರು.

"ವಿಷಯ ತಿಳೀತಮ್ಮ, ತುಂಬಾ ಬೇಜಾರಾಯ್ತು," ಎಂದರು. ಬೇಜಾರು ಮುಗಿದ ಮೇಲೆ ಮೊಬೈಲ್ ತೆಗೆದರು. "ಯಜಮಾನ್ರು ಒಪ್ಪಿದ್ರು. ಈ ಮುದಿ ಹಸು ತಗೊಂಡು ಹೋಗ್ತೀವಿ, ಬದಲಿಗೆ ಒಳ್ಳೆ ತಳಿ ಹಸು ಕೊಡ್ತೀವಿ."

"ಇದನ್ನ ಎಲ್ಲಿಗೆ ಒಯ್ತೀರಿ?"

"ಯೋಜನೆಯಿಂದ ಹೊರಗೆ."

ಅಲ್ಲಿಂದ ಯಾವ ಹಸುವೂ ವಾಪಸು ಬಂದದ್ದನ್ನು ನಾನು ಕೇಳಿಲ್ಲ.

ಅವನು ಒಪ್ಪಿದ್ದು ನನಗೆ ಹೊಸ ಸುದ್ದಿ. ಹಸು ನಿಮ್ಮದೇನಾ ಎಂದು ಇವರು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಸುಮ್ಮನಿರುವುದರಲ್ಲಿ ಅವನ ಕೈ ಪಳಗಿತ್ತು. ಈಗಂತೂ ಕೇಳುವುದೇ ಬೇಡ.

"ಇದೇನು ತಪ್ಪು ಮಾಡಿದೆ ಸರ್?"

"ಒಂದು ಲೀಟರ್ ಹಾಲಿಗೆ ಎಷ್ಟು ಅನಿಲ ಅಂತ ನೋಡೋದಮ್ಮ. ನಿಮ್ಮ ಹಸು ಜಿಲ್ಲೆಗೇ ಮೊದಲು."

"ಇದು ಹಾಲೇ ಕೊಡಲ್ವಲ್ಲ."

"ಸೊನ್ನೆ ಅಂತ ಹಾಕಿದ್ರೆ ಮೊಬೈಲ್ ತಗೊಳ್ಳಲ್ಲ. ಅರ್ಧ ಲೀಟರ್ ಅಂತ ಹಾಕಿದೀನಿ."

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಗಣಿತ. ಸೊನ್ನೆಯಿಂದ ಭಾಗಿಸಬಾರದು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಭಾಗಿಸಲಾಗದಿದ್ದರೆ ಹಸುವನ್ನೇ ಕಳೆಯಬಹುದು ಎಂದು ಹೇಳಿಕೊಟ್ಟಿರಲಿಲ್ಲ.

"ಆ ಲಾರಿ ಹೊಗೆ?"

"ಅದು ಸಾರಿಗೆ ಇಲಾಖೆ ಲೆಕ್ಕ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ನನ್ನನ್ನು ಒಳಗೆ ಎಳೆದುಕೊಂಡರು. "ಬಾಯಿ ಮುಚ್ಕೊಂಡಿರೇ. ಒಂದೇ ಹಸು ನಂಬ್ಕೊಂಡು ನಾವಿಬ್ಬರೂ ಬದುಕಕ್ಕಾಗುತ್ತಾ? ತಳಿ ಹಸು ಬರಲಿ. ದೊಡ್ಡಮ್ಮನಿಗೆ ಅವಳ ಹಸು ಸತ್ತೋಯ್ತು ಅಂದ್ರಾಯ್ತು."

"ಈ ಮನೇಲಿ ಒಬ್ಬರು ಸತ್ತಿದ್ದು ಸಾಕು ಅತ್ತೆ."

ಹೊರಗೆ ಬಂದೆ. "ಸರ್, ಇದು ನಮ್ಮದಲ್ಲ. ಪಕ್ಕದ ಮನೆಯವರದು. ಇಸ್ಕೊಂಡಿದ್ದು."

"ಹಾಗಾದ್ರೆ ತಳಿ ಹಸು ಸಿಗಲ್ಲಮ್ಮ, ಯೋಚನೆ ಮಾಡಿ."

"ಮಾಡಿದೀನಿ. ಈಗಲೇ ವಾಪಸು ಕೊಟ್ಟು ಬರ್ತೀನಿ."

ಸಾಹೇಬರು ಮೊಬೈಲಿನ ಮೇಲೆ ಬೆರಳಾಡಿಸಿದರು. ಮುಖ ಅರಳಿತು. "ಅರೆ! ನಿಮ್ಮ ಮನೆ ಅನಿಲ ಒಂದೇ ಸಲಕ್ಕೆ ಅರ್ಧ ಇಳೀತಲ್ಲಮ್ಮ! ಯೋಜನೆ ಯಶಸ್ವಿ!"

ಬೇಲಿಯಾಚೆಯ ದೊಡ್ಡಮ್ಮನ ಮನೆ ಯೋಜನೆಯಲ್ಲಿಲ್ಲ. ಅಲ್ಲಿ ಹಸು ತೇಗಿದರೆ ಭೂಮಿಗೆ ಗೊತ್ತಾಗುವುದಿಲ್ಲ.

ಖಾಲಿ ಲಾರಿ ಜೀಪಿನ ಹಿಂದೆ ಹೊಗೆ ಬಿಡುತ್ತಾ ಹೋಯಿತು. ಅತ್ತೆ ಬಾಗಿಲು ಹಾಕಿಕೊಂಡರು. ನಾನು ಹಸುವಿನ ಹಗ್ಗ ಹಿಡಿದು ಬೇಲಿ ದಾಟಿದೆ.

ದೊಡ್ಡಮ್ಮ ಅದರ ಪಕ್ಕೆ ಸವರಿದರು. "ಸೊರಗಿಸಿಬಿಟ್ಟಿದೀರಲ್ಲೇ ನನ್ನ ಹುಡುಗೀನ!" ಆಮೇಲೆ ನನ್ನನ್ನು ನೋಡಿದರು. "ನೀನೇನು ಕಮ್ಮಿ ಸೊರಗಿದೀಯಾ, ಬಿಡು."

"ಅವನು ನಿಮ್ಮ ಹತ್ರ ಇನ್ನೇನಾದ್ರೂ ಇಸ್ಕೊಂಡಿದ್ನಾ?"

"ಇಲ್ಲ ಕಣೇ. ಇದೊಂದೇ."

ಹಗ್ಗದ ತುದಿಯನ್ನು ಅವರ ಕೈಗೆ ಕೊಟ್ಟೆ.