ಹೇಗೂ ಬಿಚ್ಚಿದ್ದೀನಲ್ಲ

ವರ್ನಾಳ ಬಲದವಡೆಯ ಹಲ್ಲುಗಳು ಹಾಳಾಗಿ ಎರಡು ವರ್ಷವಾಗಿತ್ತು. ಎಡಗಡೆಯಲ್ಲೇ ಅಗಿಯುತ್ತ, ನಗು ಬಂದರೆ ಅಂಗೈ ಅಡ್ಡ ಹಿಡಿಯುತ್ತ, ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿಕೊಂಡು ದಿನ ತಳ್ಳುತ್ತಿದ್ದಳು. ಹಲ್ಲಿನ ಡಾಕ್ಟರು ಹೇಳಿದ ಖರ್ಚು ಕೇಳಿ ಗಂಡ ಡೆಲ್ಬರ್ಟ್, "ಆ ದುಡ್ಡಿಗೆ ಒಂದು ಇಂಜಿನ್ನೇ ಬರುತ್ತಲ್ಲೇ!" ಎಂದಿದ್ದ. ಆ ಮಹಾನುಭಾವನಿಗೆ ಲೋಕವನ್ನೆಲ್ಲ ಇಂಜಿನ್ನಿನಲ್ಲೇ ಅಳೆದು ಅಭ್ಯಾಸ.

ದಾರಿ ಇಲ್ಲದೆ ಇರಲಿಲ್ಲ. ಅವಳ ಅಪ್ಪ ಆರ್ವಿಲ್ ಸಾಯುವ ಮುಂಚೆ ತನ್ನ ಹಳೇ ಮೋಟಾರ್‌ಸೈಕಲ್ಲನ್ನು ಅವಳ ಹೆಸರಿಗೇ ಮಾಡಿದ್ದ. ಕಾರ್ಖಾನೆಯಲ್ಲೇ ಬಳಿದ ಹಸಿರು ಬಣ್ಣ. ಅವನ ಮೊಣಕಾಲು ಉಜ್ಜಿ ಉಜ್ಜಿ ಟ್ಯಾಂಕಿನ ಎರಡೂ ಬದಿ ತಗಡು ಕಾಣುತ್ತಿತ್ತು. ಲ್ಯಾಂಕಾಸ್ಟರ್ ಊರಿನ ಹಳೇ ಗಾಡಿ ವ್ಯಾಪಾರಿ ಹಾಲಿಸ್ ಇವರ ಮನೆಯ ಗ್ಯಾರೇಜಿಗೆ ಬಂದು, ಗಾಡಿಯನ್ನು ಸುತ್ತಿ ಸುತ್ತಿ ನೋಡಿ, "ಹನ್ನೆರಡು ಸಾವಿರ ಡಾಲರ್ ಕೊಡ್ತೀನಿ. ಹೀಗೇ ಇರ್ಲಿ, ಒದ್ದೆ ಬಟ್ಟೇಲೂ ಒರೆಸಬೇಡಿ," ಎಂದ.

"ಕೊಟ್ಬಿಡೋಣ," ಎಂದಳು ವರ್ನಾ.

ಡೆಲ್ಬರ್ಟ್ ಅವನನ್ನು ಸಾಗಹಾಕಿ ಬಂದು ಕೈ ಉಜ್ಜಿಕೊಂಡ. "ತುಕ್ಕಿಗೇ ಇಷ್ಟು ಕೊಡೋ ಪೆದ್ದ, ಪಳಪಳ ಹೊಳೆಯೋ ಗಾಡಿಗೆ ಎಷ್ಟು ಕೊಟ್ಟಾನು! ಇದೊಂದು ಚಳಿಗಾಲ ತಡ್ಕೋ. ನಿನ್ನ ಬಾಯ್ತುಂಬ ಹಲ್ಲು ಕಟ್ಟಿಸ್ತೀನಿ."

ತಡೆದುಕೊಂಡಳು, ಅದೇ ತಪ್ಪಾಯಿತು. ಅವನು ಇಂಜಿನ್ ಬಿಚ್ಚಿದ. ಹೇಗೂ ಬಿಚ್ಚಿದ್ದೀನಲ್ಲ ಎಂದು ಪಿಸ್ಟನ್ ಬದಲಿಸಿದ. ಹೇಗೂ ಬಿಚ್ಚಿದ್ದೀನಲ್ಲ ಎಂದು ವೈರಿಂಗು, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಮೋಟಾರು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು. ತೆರಿಗೆಯಿಂದ ವಾಪಸು ಬಂದದ್ದು ಹೋಯಿತು, ಅವಳ ಓವರ್‌ಟೈಮಿನ ದುಡ್ಡೂ ಹೋಯಿತು. ಹಲ್ಲುನೋವಿಗಿಂತ 'ಹೇಗೂ ಬಿಚ್ಚಿದ್ದೀನಲ್ಲ' ಅನ್ನುವ ಆ ಮಾತೇ ಅವಳನ್ನು ಹೆಚ್ಚು ಕುಕ್ಕುತ್ತಿತ್ತು. ಕೊನೆಗೊಂದು ದಿನ ಟ್ಯಾಂಕಿನ ಬಣ್ಣವನ್ನೆಲ್ಲ ಕೆರೆಸಿ, ಕೆಂಪು ಬಳಿಸಿ ತಂದ.

"ಅಪ್ಪನ ಹಸಿರು?" ಎಂದಳು.

"ಆ ಪಾಚಿ ಯಾರಿಗೆ ಬೇಕೇ?"

ಜುಲೈನಲ್ಲಿ ಹಳೇ ಗಾಡಿಯವರೆಲ್ಲ ಸೇರುವ ಮೈದಾನಕ್ಕೆ ಇಬ್ಬರೂ ಅದನ್ನು ಟ್ರೇಲರಿನಲ್ಲಿ ಒಯ್ದರು. ಹಾಲಿಸ್ ನೋಡಿ ಟೋಪಿ ತೆಗೆದು ಎದೆಗಿಟ್ಟುಕೊಂಡ.

"ಅಯ್ಯೋ ಡೆಲ್, ಆ ಬಣ್ಣಕ್ಕೇ ಕಣಯ್ಯಾ ನಾನು ಅಷ್ಟು ಹೇಳಿದ್ದು! ಕಾರ್ಖಾನೆ ಬಣ್ಣ ಒಂದೇ ಸಲ ಬರೋದು. ಕೆಂಪು ಯಾವ ಕತ್ತೆ ಬೇಕಾದ್ರೂ ಬಳಿಯುತ್ತೆ." ಆಮೇಲೆ ಸುತ್ತಲಿನವರನ್ನು ಕರೆದ. "ಡಿಸ್ಕ್ ಬ್ರೇಕ್ ನೋಡ್ರೋ! ಅಜ್ಜಿಗೆ ಹೈಹೀಲ್ಸ್ ಹಾಕಿದಾನೆ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾಲ್ಕು ಸಾವಿರ. ಅದೂ ಆರ್ವಿಲ್ ಮುಖ ನೋಡಿ," ಎಂದ ಹಾಲಿಸ್.

ವರ್ನಾಗೂ ನಗು ತಡೆಯಲಾಗಲಿಲ್ಲ. ಅಂಗೈ ಅಡ್ಡ ಹಿಡಿಯುವುದನ್ನೂ ಮರೆತು ನಕ್ಕಳು.

"ಬಾಯ್ ಮುಚ್ಚೇ," ಎಂದ ಡೆಲ್ಬರ್ಟ್. "ಜನ ನೋಡ್ತಿದಾರೆ. ಅಸಹ್ಯ."

ಅವಳು ಬಾಯಿ ಮುಚ್ಚಿದಳು. ಆಮೇಲೆ ಹಾಲಿಸ್‌ನ ಕಡೆ ತಿರುಗಿ, "ಗಾಡಿ ನನ್ನ ಹೆಸರಲ್ಲಿದೆ. ನಾಲ್ಕಕ್ಕೇ ಕೊಟ್ಟೆ, ತಗೊಂಡ್ಹೋಗಿ," ಎಂದಳು.

ಡೆಲ್ಬರ್ಟ್ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡ. "ವರ್ನಾ, ಬೇಡ ಕಣೇ. ಕೈಕಾಲು ಹಿಡಿತೀನಿ. ಒಂದು ವರ್ಷ ಜೀವ ಹಾಕಿದೀನಿ ಇದಕ್ಕೆ."

"ಕೈ ಬಿಡು. ಜನ ನೋಡ್ತಿದಾರೆ."

ಅವನು ಎಲ್ಲರೆದುರು ಅತ್ತುಬಿಟ್ಟ. ಮದುವೆಯಾದಾಗಿನಿಂದ ಅಷ್ಟು ಖುಷಿ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಹುಳುಕು ಎಡಗಡೆಗೂ ಹಬ್ಬಿತ್ತು. ನಾಲ್ಕು ಸಾವಿರಕ್ಕೆ ಎಲ್ಲ ಹಲ್ಲೂ ಕೀಳಿಸಿದ್ದಾಯಿತು, ಕಟ್ಟಿಸುವುದಕ್ಕೆ ಬಿಡಿಗಾಸೂ ಉಳಿಯಲಿಲ್ಲ. ಬಾಯಿಗೆ ಹತ್ತಿ ತುರುಕಿಸಿಕೊಂಡು ಅವಳು ಮನೆಗೆ ಬಂದಾಗ ಡೆಲ್ಬರ್ಟ್ ದಪ್ಪನೆಯ ಮಾಂಸದ ತುಂಡು ಹುರಿದುಕೊಂಡು ಊಟಕ್ಕೆ ಕೂತಿದ್ದ. ಎದುರಿನ ಕುರ್ಚಿ ಎಳೆದು ಅವಳನ್ನು ಕೂರಿಸಿದ.

"ಹಾಲಿಸ್ ಗಾಡಿ ಮಾರಿದನಂತೆ," ಎಂದ, ನಿಧಾನಕ್ಕೆ ಅಗಿಯುತ್ತ. "ಜೆರ್ಸಿ ಕಡೆಯವನೊಬ್ಬ ಕೆಂಪೇ ಬೇಕು, ಗುಂಡಿ ಒತ್ತೋದೇ ಬೇಕು ಅಂತ ಹುಡುಕ್ತಿದ್ದನಂತೆ. ಹತ್ತು ಸಾವಿರ ಎಣಿಸಿದನಂತೆ. ಇನ್ನೊಂದು ವಾರ ತಡ್ಕೊಂಡಿದ್ರೆ ನಿಂಗೂ ಹಲ್ಲು ಬರ್ತಿತ್ತು ನೋಡು."

ಬೈಯಲು ಅವಳು ಬಾಯಿ ತೆರೆದಳು. ರಕ್ತ ಮೆತ್ತಿದ ಹತ್ತಿ ಮೇಜಿನ ಮೇಲೆ ಬಿತ್ತು. ಅವನು ತಟ್ಟೆಯನ್ನು ಸ್ವಲ್ಪ ತನ್ನ ಕಡೆಗೆಳೆದುಕೊಂಡು ಊಟ ಮುಂದುವರಿಸಿದ.